ಗೇರ್ ಲಿವರ್, ಮೂರು ಹಸಿರು ದೀಪ, ಒಂದು ಹಟಮಾರಿ ನಾಬ್

ಪ್ರಶ್ನೆ: ಮನೆಯಲ್ಲಿ ಕಂಪ್ಯೂಟರಿನಲ್ಲಿ ಎಕ್ಸ್-ಪ್ಲೇನ್ 12 ಎಂಬ ವಿಮಾನ ಸಿಮ್ಯುಲೇಟರ್ ಹಾರಿಸುತ್ತೇನೆ. ಒಂದು ಪ್ಲೈವುಡ್ ಪೆಟ್ಟಿಗೆಯಲ್ಲಿ ಲ್ಯಾಂಡಿಂಗ್ ಗೇರ್ ಲಿವರ್, ಮೂರು ಹಸಿರು ಎಲ್‌ಇಡಿ, ಆಟೋಪೈಲಟ್ ಹೆಡಿಂಗ್‌ಗೆ (ವಿಮಾನ ಹೋಗಬೇಕಾದ ದಿಕ್ಕಿಗೆ) ಒಂದು ತಿರುಗುವ ನಾಬ್ ಕೂರಿಸಿದ್ದೇನೆ. ಒಳಗೆ ಆರ್ಡುಯಿನೊ ಯುನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಇದೆ. ಸಿಮ್ಯುಲೇಟರಿನೊಳಗೆ ಲುವಾ ಭಾಷೆಯ ಸ್ಕ್ರಿಪ್ಟ್ ಓಡಿಸುವ ಫ್ಲೈವಿತ್‌ಲುವಾ ಪ್ಲಗ್‌ಇನ್‌ನ ಸ್ಕ್ರಿಪ್ಟ್ ಒಂದರಿಂದ ಕಾಮ್ ಪೋರ್ಟ್ (ಯುನೊ ಕಂಪ್ಯೂಟರ್ ಜೊತೆ ಮಾತಾಡುವ ಸೀರಿಯಲ್ ಪೋರ್ಟ್) ಓದಿಸುತ್ತಿದ್ದೇನೆ. ಸ್ಕ್ರಿಪ್ಟ್ ಶುರುವಾದ ಕೂಡಲೇ ಸಿಮ್ಯುಲೇಟರ್ ಕುಂಟುತ್ತದೆ. ಸೆಕೆಂಡಿಗೆ 45 ಇದ್ದ ಫ್ರೇಮ್ 9–10ಕ್ಕೆ ಇಳಿಯುತ್ತದೆ. ನಾಬ್ ತಿರುಗಿಸಿದರೆ ಹೆಡಿಂಗ್ ಮುಂದೆ ಹೋಗಿ ಹಿಂದಕ್ಕೆ ಜಿಗಿಯುತ್ತದೆ. ಲಿವರ್ ಒಮ್ಮೊಮ್ಮೆ ಉಲ್ಟಾ ಕೆಲಸ ಮಾಡುತ್ತದೆ. ಯುನೊ ತೆಗೆದುಹಾಕಿ, ಜಾಯ್‌ಸ್ಟಿಕ್ ಥರ ಕಾಣಿಸಿಕೊಳ್ಳುವ ಬೋರ್ಡ್ ತರಬೇಕಾ?

ಉತ್ತರ: ಬೋರ್ಡ್ ಬದಲಿಸಬೇಡಿ. ಯುನೊದಲ್ಲಿ ತಪ್ಪಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವು ಬಿಟ್ಟುಕೊಟ್ಟಿದ್ದೀರಿ. ಫ್ರೇಮ್ 9–10ಕ್ಕೆ ಇಳಿಯುತ್ತದೆ ಅಂದಿರಿ. 20 ಅಲ್ಲ, 30 ಅಲ್ಲ, 10ರ ಹತ್ತಿರ. ಹಾಗಾದರೆ ನಾನು ಒಂದು ಊಹೆ ಮಾಡುತ್ತೇನೆ. ನಿಮ್ಮ ಆರ್ಡುಯಿನೊ ಪ್ರೋಗ್ರಾಂನ ಲೂಪ್ ಕೊನೆಯಲ್ಲಿ 100 ಮಿಲಿಸೆಕೆಂಡ್ ಡಿಲೇ ಹಾಕಿದ್ದೀರಿ ಅಲ್ವಾ? ಅಂದರೆ ಯುನೊ ಸೆಕೆಂಡಿಗೆ 10 ಸಾಲು ಕಳಿಸುತ್ತಿದೆ. ನಿಮ್ಮ ಲುವಾ ಸ್ಕ್ರಿಪ್ಟ್ ಪ್ರತಿ ಫ್ರೇಮಿನಲ್ಲೂ ಒಂದು ಪೂರ್ತಿ ಸಾಲು ಬರುವ ತನಕ ಕಾದು ಕೂರುತ್ತಿದೆ. ಸಾಲು ಬಂದಾಗ ಮಾತ್ರ ಫ್ರೇಮ್ ಮುಂದೆ ಹೋಗುತ್ತದೆ. ಹಾಗಾಗಿ ನಿಮ್ಮ ದುಬಾರಿ ಗ್ರಾಫಿಕ್ಸ್ ಕಾರ್ಡ್ ಈಗ ಒಂದು ಚಿಕ್ಕ ಯುನೊ ಹೇಳಿದ ತಾಳಕ್ಕೆ ಕುಣಿಯುತ್ತಿದೆ. ಡಿಲೇಯನ್ನು 200ಕ್ಕೆ ಏರಿಸಿ ನೋಡಿ, ಫ್ರೇಮ್ 5ಕ್ಕೆ ಇಳಿಯುತ್ತದೆ. ಹಾಗೆ ಇಳಿದರೆ ರೋಗ ಇದೇ.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಸಾರು ಬಡಿಸುವವನು ಒಬ್ಬನೇ. ಒಂದು ಎಲೆಯ ಮುಂದೆ ಯಾರೋ ಅವನನ್ನು ನಿಲ್ಲಿಸಿಕೊಂಡು ಊರ ಸುದ್ದಿ ಕೇಳಿದರೆ ಇಡೀ ಸಾಲು ಅನ್ನ ಮುಂದಿಟ್ಟುಕೊಂಡು ಕಾಯಬೇಕು. ಫ್ಲೈವಿತ್‌ಲುವಾ ಸ್ಕ್ರಿಪ್ಟ್‌ಗಳು ಓಡುವುದು ಎಕ್ಸ್-ಪ್ಲೇನ್‌ನ ಮುಖ್ಯ ಓಟದ ಒಳಗೇ. ಸೆಕೆಂಡಿಗೆ 45 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು ಸುಮಾರು 22 ಮಿಲಿಸೆಕೆಂಡ್. ಮೋಡ, ನೆಲ, ರೆಕ್ಕೆಯ ಮೇಲಿನ ಗಾಳಿಯ ಲೆಕ್ಕ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಅದರ ಮಧ್ಯೆ ನೀವು 100 ಮಿಲಿಸೆಕೆಂಡ್ ಕಾಯುವ ಕೆಲಸ ತುರುಕಿದ್ದೀರಿ.

ನಾನೂ ಇದೇ ತಪ್ಪು ಮಾಡಿದ್ದೆ. ಮಂಗಳೂರಿನ ರನ್‌ವೇ 24ಕ್ಕೆ ಇಳಿಯುತ್ತಿದ್ದೆ. ಗುಡ್ಡದ ತಲೆ ಕತ್ತರಿಸಿ ಮಾಡಿದ ಆ ಟೇಬಲ್‌ಟಾಪ್ ರನ್‌ವೇ ಸಿಮ್ಯುಲೇಟರಿನಲ್ಲೂ ಎದೆ ಢವಢವ ಅನ್ನಿಸುತ್ತದೆ. ಸರಿಯಾಗಿ ರನ್‌ವೇ ಅಂಚಿನ ಮೇಲೆ ಬಂದಾಗ ಕಾಲಿಗೆ ತಾಗಿ ಯುಎಸ್‌ಬಿ ತಂತಿ ಸಡಿಲವಾಯಿತು. ಸಾಲು ಬರುವುದು ನಿಂತಿತು. ಇಡೀ ಸಿಮ್ಯುಲೇಟರ್ ಫೋಟೋ ಥರ ನಿಂತುಬಿಟ್ಟಿತು. ಆ ರಾತ್ರಿಯೇ ಪೋರ್ಟ್ ಓದುವ ಕೆಲಸವನ್ನು ಸಿಮ್ಯುಲೇಟರಿನಿಂದ ಹೊರಗೆ ಹಾಕಿದೆ.

ನೀವೂ ಅದನ್ನೇ ಮಾಡಿ. ಸೀರಿಯಲ್ ಪೋರ್ಟ್ ನೋಡಿಕೊಳ್ಳಲು ಬೇರೆಯೇ ಒಂದು ಪುಟ್ಟ ಪೈಥಾನ್ ಪ್ರೋಗ್ರಾಂ ಇರಲಿ. ಪೈಸೀರಿಯಲ್ ಎಂಬ ಲೈಬ್ರರಿ ಹಾಕಿಕೊಂಡರೆ ಪೋರ್ಟ್ ತೆರೆಯುವುದು ಎರಡು ಸಾಲಿನ ಕೆಲಸ. ಈ ಪ್ರೋಗ್ರಾಂ ಒಂದು ಕೈಯಲ್ಲಿ ಯುನೊವನ್ನು, ಇನ್ನೊಂದು ಕೈಯಲ್ಲಿ ಎಕ್ಸ್-ಪ್ಲೇನನ್ನು ಹಿಡಿದಿರುತ್ತದೆ. ಎಕ್ಸ್-ಪ್ಲೇನ್ ಜೊತೆ ಮಾತಾಡಲು ಯುಡಿಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಚಿಕ್ಕ ಸಂದೇಶ ಕಳಿಸುವ ವಿಧಾನ, ಸಾಕು. ಸಿಮ್ಯುಲೇಟರ್ 49000ನೇ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಒಂದೇ ಕಂಪ್ಯೂಟರ್ ಆದರೆ ವಿಳಾಸ 127.0.0.1. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಹೊರಗಿನಿಂದ ಬರುವ ಸಂದೇಶ ತಡೆದಿದ್ದರೆ ಅದನ್ನು ಮೊದಲು ಬಿಡಿಸಿ. ಪೈಥಾನ್ ಎಷ್ಟು ಹೊತ್ತು ಕಾದರೂ, ಸತ್ತೇ ಹೋದರೂ ವಿಮಾನಕ್ಕೆ ಗೊತ್ತಾಗುವುದಿಲ್ಲ.

ಸಿಮ್ಯುಲೇಟರಿನ ಒಳಗಿನ ಒಂದೊಂದು ಬೆಲೆಗೂ ಒಂದು ಹೆಸರಿದೆ, ಅದೇ ಡೇಟಾರೆಫ್. ನಿಮಗೆ ಬೇಕಾದ ಸಂದೇಶಗಳು ಮೂರೇ. ಮೊದಲನೆಯದು ಆರ್‌ಆರ್‌ಇಎಫ್. 'ಈ ಡೇಟಾರೆಫ್‌ನ ಬೆಲೆಯನ್ನು ಸೆಕೆಂಡಿಗೆ ಇಷ್ಟು ಸಲ ನನಗೆ ಹೇಳ್ತಾ ಇರು' ಅಂತ ಕೇಳುವುದು. ಎರಡನೆಯದು ಡಿಆರ್‌ಇಎಫ್, ಬೆಲೆಯನ್ನು ನಾವೇ ಬರೆಯುವುದು. ಮೂರನೆಯದು ಸಿಎಂಎನ್‌ಡಿ, ಬಟನ್ ಒತ್ತಿದ ಹಾಗೆ ಒಂದು ಕಮಾಂಡ್ ಕೊಡುವುದು.

ಮೊದಲ ದಿನ ಎಲ್ಲರೂ ಎಡವುವುದು ಆರ್‌ಆರ್‌ಇಎಫ್‌ನಲ್ಲಿ. ಅದರ ಅಳತೆ ಕಟ್ಟುನಿಟ್ಟು. ನಾಲ್ಕು ಅಕ್ಷರದ ಹೆಸರು, ಒಂದು ಸೊನ್ನೆ ಬೈಟ್, ಸೆಕೆಂಡಿಗೆ ಎಷ್ಟು ಸಲ ಎಂಬ ಪೂರ್ಣಾಂಕ 4 ಬೈಟ್, ನೀವೇ ಕೊಡುವ ಗುರುತಿನ ಸಂಖ್ಯೆ 4 ಬೈಟ್, ಡೇಟಾರೆಫ್ ಹೆಸರಿಗೆ 400 ಬೈಟ್. ಹೆಸರು ಚಿಕ್ಕದಿದ್ದರೂ ಉಳಿದ ಜಾಗಕ್ಕೆ ಸೊನ್ನೆ ತುಂಬಿಸಲೇಬೇಕು. ಒಟ್ಟು 413. ಒಂದು ಬೈಟ್ ಕಮ್ಮಿಯಾದರೂ ಸಿಮ್ಯುಲೇಟರ್ ಬೈಯುವುದಿಲ್ಲ, ಸುಮ್ನೆ ಇರುತ್ತದೆ. ಅದೇ ದೊಡ್ಡ ಕಷ್ಟ. ಉತ್ತರದಲ್ಲಿ ಬರುವುದು ನೀವು ಕೊಟ್ಟ ಗುರುತಿನ ಸಂಖ್ಯೆ ಮತ್ತು ಅದರ ಬೆಲೆ, ಎರಡೂ ಸೇರಿ 8 ಬೈಟ್‌ನ ಜೋಡಿಗಳು. ಹೆಸರು ವಾಪಸ್ ಬರುವುದಿಲ್ಲ. ಹಾಗಾಗಿ 1 ಅಂದರೆ ಮೂಗಿನ ಗೇರ್, 2 ಅಂದರೆ ಎಡಗಡೆಯದು ಅಂತ ನೀವೇ ಬರೆದಿಟ್ಟುಕೊಳ್ಳಿ. ಬೇಡವಾದಾಗ ಅದೇ ಸಂದೇಶವನ್ನು ಸೆಕೆಂಡಿಗೆ 0 ಸಲ ಅಂತ ಕಳಿಸಿದರೆ ನಿಲ್ಲಿಸುತ್ತದೆ.

ಈಗ ಲಿವರ್ ವಿಷಯ. ಉಲ್ಟಾ ಕೆಲಸ ಮಾಡುತ್ತದೆ ಅಂದರೆ ನೀವು ಟಾಗಲ್ ಕಮಾಂಡ್ ಬಳಸಿದ್ದೀರಿ. ಟಾಗಲ್ ಅಂದರೆ 'ಈಗ ಹೇಗಿದೆಯೋ ಅದರ ವಿರುದ್ಧ ಮಾಡು' ಅಂತ. ಕೀಬೋರ್ಡಿನ ಒಂದೇ ಕೀಲಿಗೆ ಅದು ಸರಿ. ಆದರೆ ನಿಮ್ಮದು ಎರಡು ಸ್ಥಾನ ಇರುವ ಲಿವರ್. ಅದು ಮೇಲಿದೆ, ಇಲ್ಲಾ ಕೆಳಗಿದೆ. ಒಮ್ಮೆ ಕಂಪನದಿಂದ ಎರಡು ಸಲ ಒತ್ತಿದ ಹಾಗಾದರೆ ಸಾಕು, ಅಲ್ಲಿಂದ ಮುಂದೆ ಪೂರ್ತಿ ಹಾರಾಟ ಉಲ್ಟಾ. ಎಕ್ಸ್-ಪ್ಲೇನಿನಲ್ಲಿ ಗೇರ್ ಮೇಲಕ್ಕೆ, ಗೇರ್ ಕೆಳಕ್ಕೆ ಅಂತ ಬೇರೆ ಬೇರೆ ಕಮಾಂಡ್‌ಗಳೇ ಇವೆ. ಲಿವರ್ ಕೆಳಗೆ ಬಂದಾಗ ಕೆಳಕ್ಕೆ ಎಂಬುದನ್ನೇ ಕಳಿಸಿ. ಅದನ್ನು ಹತ್ತು ಸಲ ಕಳಿಸಿದರೂ ಗೇರ್ ಕೆಳಗೇ ಇರುತ್ತದೆ.

ಹಾಗೇ ಒಂದು ಕಿವಿಮಾತು: ಪರೀಕ್ಷೆ ಮಾಡುವಾಗ ಸೆಸ್ನಾ 172 ತೆಗೆದುಕೊಳ್ಳಬೇಡಿ. ಅದರ ಚಕ್ರಗಳು ಮಡಚುವಂಥವಲ್ಲ! ನನಗೆ ಬರುವ 'ಸ್ಕ್ರಿಪ್ಟ್ ಕೆಲಸ ಮಾಡ್ತಿಲ್ಲ ಸಾರ್' ಪತ್ರಗಳಲ್ಲಿ ಕೆಲವಕ್ಕೆ ಉತ್ತರ ಇಷ್ಟೇ. ಬ್ಯಾರನ್ 58 ತೆಗೆದುಕೊಳ್ಳಿ, ಎಕ್ಸ್-ಪ್ಲೇನ್ ಜೊತೆಗೇ ಬರುತ್ತದೆ.

ದೀಪಗಳನ್ನು ನೀವು ಹೇಗೆ ಹೊತ್ತಿಸುತ್ತಿದ್ದೀರಿ ಅಂತ ಬರೆದಿಲ್ಲ. ಲಿವರ್ ಕೆಳಗೆ ಬಂದ ಕೂಡಲೇ ಯುನೊ ತಾನೇ ಹೊತ್ತಿಸುತ್ತಿದ್ದರೆ ಅದನ್ನು ಇವತ್ತೇ ತೆಗೆಯಿರಿ. ಲಿವರ್ ಹೇಳುವುದು ಪೈಲಟ್ ಏನು ಕೇಳಿದ ಅನ್ನುವುದನ್ನು. ದೀಪ ಹೇಳಬೇಕಾದ್ದು ವಿಮಾನ ಏನು ಮಾಡಿದೆ ಅನ್ನುವುದನ್ನು. ನಿಜವಾದ ವಿಮಾನದಲ್ಲಿ ಚಕ್ರ ಪೂರ್ತಿ ಇಳಿದು ಲಾಕ್ ಆದಾಗ ಅಲ್ಲಿರುವ ಸ್ವಿಚ್ ಈ ಹಸಿರು ದೀಪ ಹೊತ್ತಿಸುತ್ತದೆ. ಲಿವರ್ ಅಲ್ಲ.

ಎಕ್ಸ್-ಪ್ಲೇನಿನಲ್ಲಿ ಇದಕ್ಕೆ ಸರಿಯಾದ ಡೇಟಾರೆಫ್ ಫ್ಲೈಟ್‌ಮಾಡೆಲ್2 ಗುಂಪಿನ ಗೇರ್ ಕೆಳಗೆ ಇರುವ ಡಿಪ್ಲಾಯ್ ರೇಶಿಯೊ. ಒಂದೊಂದು ಚಕ್ರಕ್ಕೆ ಒಂದೊಂದು ಬೆಲೆ. ಪೂರ್ತಿ ಒಳಗಿದ್ದರೆ 0, ಪೂರ್ತಿ ಇಳಿದರೆ 1, ದಾರಿಯಲ್ಲಿದ್ದರೆ ಮಧ್ಯದ ಯಾವುದೋ ದಶಮಾಂಶ. ಇದನ್ನು ಸೆಕೆಂಡಿಗೆ 10 ಸಲ ಕೇಳಿದರೆ ಧಾರಾಳ. ಸರಿಯಾಗಿ 1 ಆಗಿದೆಯಾ ಅಂತ ಹೋಲಿಸಬೇಡಿ, 0.99 ದಾಟಿದೆಯಾ ಅಂತ ನೋಡಿ. ದಶಮಾಂಶಗಳು ಕಂಪ್ಯೂಟರಿನಲ್ಲಿ ಯಾವಾಗಲೂ ನಿಖರವಾಗಿ ನಿಲ್ಲುವುದಿಲ್ಲ. ಹೀಗೆ ಮಾಡಿದಾಗ ಲಿವರ್ ಇಳಿಸಿದ ಮೇಲೆ ಕೆಲವು ಸೆಕೆಂಡ್ ಕತ್ತಲು, ಆಮೇಲೆ ಹಸಿರು. ಆ ಕತ್ತಲಿನ ಕ್ಷಣಗಳಲ್ಲೇ ಕಾಕ್‌ಪಿಟ್ ನಿಜ ಅನ್ನಿಸುವುದು. ಸಿಮ್ಯುಲೇಟರಿನಲ್ಲಿ ಗೇರ್ ಕೆಡುವ ಹಾಗೆ ಫೇಲ್ಯೂರ್ ಹಾಕಿ ನೋಡಿ, ಮೂರರಲ್ಲಿ ಎರಡೇ ದೀಪ ಹೊತ್ತಿದಾಗ ಬೆವರು ಬರುತ್ತದೆ.

ಪೆಟ್ಟಿಗೆಯಲ್ಲಿ ಜಾಗ ಇದ್ದರೆ ಒಂದು ಲ್ಯಾಂಪ್ ಟೆಸ್ಟ್ ಬಟನ್ ಸೇರಿಸಿ. ಒತ್ತಿದಾಗ ಮೂರೂ ದೀಪ ಹೊತ್ತಬೇಕು, ಅಷ್ಟೇ. ಇದೇನು ಮಹಾ ಅನ್ನಬೇಡಿ. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ಫ್ಲೈಟ್, ಒಂದು ಲಾಕ್‌ಹೀಡ್ ಟ್ರೈಸ್ಟಾರ್, ಮಯಾಮಿಗೆ ಇಳಿಯಲು ಬಂದಾಗ ಮೂಗಿನ ಗೇರಿನ ಹಸಿರು ದೀಪ ಹೊತ್ತಲಿಲ್ಲ. ಗೇರ್ ಇಳಿದಿತ್ತು, ಬಲ್ಬ್ ಸುಟ್ಟಿತ್ತು. 2000 ಅಡಿಯಲ್ಲಿ ಸುತ್ತು ಹಾಕುತ್ತಾ ಎಲ್ಲರೂ ಆ ದೀಪದ ಹಿಂದೆ ಬಿದ್ದರು. ಆಟೋಪೈಲಟ್‌ನ ಎತ್ತರ ಹಿಡಿಯುವ ಕೆಲಸ ಯಾವಾಗ ತಪ್ಪಿತೋ ಯಾರೂ ಗಮನಿಸಲಿಲ್ಲ. ವಿಮಾನ ಮೆಲ್ಲಗೆ ಇಳಿದು ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. 176 ಮಂದಿಯಲ್ಲಿ 101 ಮಂದಿ ತೀರಿಕೊಂಡರು. ನನ್ನ ಪೆಟ್ಟಿಗೆಯಲ್ಲಿ ಆ ಬಟನ್ ಇದೆ, ಹಾರುವ ಮುಂಚೆ ಒತ್ತುತ್ತೇನೆ. ಒಮ್ಮೆ ಅದರಿಂದಲೇ ಬೆಸುಗೆ ಬಿಟ್ಟಿದ್ದ ಎಲ್‌ಇಡಿ ಸಿಕ್ಕಿಬಿತ್ತು. ಈ ಬಟನ್ ಮಾತ್ರ ಸಿಮ್ಯುಲೇಟರನ್ನು ಕೇಳಬೇಕಾಗಿಲ್ಲ. ಯುನೊ ತಾನೇ ಮಾಡಲಿ.

ಇನ್ನು ನಾಬ್. ಇದರಲ್ಲಿ ಎರಡು ತೊಂದರೆ ಒಂದರ ಮೇಲೊಂದು ಕೂತಿವೆ. ಒಂದನ್ನು ಸರಿ ಮಾಡಿ 'ಇನ್ನೂ ಹಾಗೇ ಇದೆಯಲ್ಲ' ಅಂತ ಕೈಬಿಡುವವರೇ ಜಾಸ್ತಿ.

ಮೊದಲನೆಯದು ನಾಬ್‌ನೊಳಗಿನದು. ರೋಟರಿ ಎನ್‌ಕೋಡರ್ ಅನ್ನುವುದು ರೇಡಿಯೊದ ವಾಲ್ಯೂಮ್ ನಾಬ್ ಥರ ಅಲ್ಲ. ಒಳಗೆ ಎ ಮತ್ತು ಬಿ ಅಂತ ಎರಡು ಸ್ವಿಚ್‌ಗಳು ಸ್ವಲ್ಪ ಹಿಂದೆಮುಂದೆ ಆಗಿ ತೆರೆದು ಮುಚ್ಚುತ್ತವೆ. ಯಾವುದು ಮೊದಲು ಬದಲಾಯಿತು ಅನ್ನುವುದರಿಂದ ದಿಕ್ಕು ತಿಳಿಯುತ್ತದೆ. ಲೋಹಕ್ಕೆ ಲೋಹ ತಾಗುವಾಗ ಒಂದೇ ಸಲಕ್ಕೆ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ನಿಮ್ಮ 100 ಮಿಲಿಸೆಕೆಂಡ್ ಡಿಲೇ ಮಲಗಿರುವಾಗ ನಾಬ್ ನಾಲ್ಕು ಸಲ ಕಟಕಟ ಅಂದಿರುತ್ತದೆ. ಎದ್ದಾಗ ಯುನೊಗೆ ಕಾಣುವುದು ಕೊನೆಯ ಚೂರು ಮಾತ್ರ. ಆ ಚೂರು ನೋಡಿ ದಿಕ್ಕು ಹೇಳಿದರೆ ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ ಹಾಗೆ.

ಆದ್ದರಿಂದ ಮೊದಲು ಆ ಡಿಲೇ ಕಿತ್ತುಹಾಕಿ. ಎ ಮತ್ತು ಬಿ ತಂತಿಗಳನ್ನು ಯುನೊದ 2 ಮತ್ತು 3ನೇ ಪಿನ್‌ಗೆ ತನ್ನಿ. ಹೊರಗಿನ ಇಂಟರಪ್ಟ್, ಅಂದರೆ ಪಿನ್ ಬದಲಾದ ಕೂಡಲೇ ಯುನೊವನ್ನು ಎಚ್ಚರಿಸುವ ಸೌಲಭ್ಯ, ಸಿಗುವುದು ಆ ಎರಡಕ್ಕೇ. ಒಳಗಿನ ಪುಲ್‌ಅಪ್ (ಸ್ವಿಚ್ ತೆರೆದಿರುವಾಗ ಪಿನ್ನನ್ನು ಮೇಲೆ ಹಿಡಿಯುವ ರೆಸಿಸ್ಟರ್) ಹಾಕಿ, ಮಧ್ಯದ ಕಾಲನ್ನು ಗ್ರೌಂಡ್‌ಗೆ ಕೊಡಿ. ಪ್ರತಿ ಬದಲಾವಣೆಯಲ್ಲೂ ಹಳೆಯ ಎ-ಬಿ ಸ್ಥಿತಿ ಮತ್ತು ಹೊಸದನ್ನು ಜೋಡಿಸಿ ನೋಡಿ. ಸಾಧ್ಯವಿಲ್ಲದ ಜೋಡಿ ಬಂದರೆ, ಉದಾಹರಣೆಗೆ ಎರಡೂ ಒಟ್ಟಿಗೆ ಬದಲಾಗಿದ್ದರೆ, ಲೆಕ್ಕಕ್ಕೇ ಹಿಡಿಯಬೇಡಿ. ಪುಟಿತದ ಬಹುಪಾಲು ಇಲ್ಲೇ ಸಾಯುತ್ತದೆ. ಇನ್ನೂ ಉಳಿದರೆ ಎರಡೂ ತಂತಿಯಿಂದ ಗ್ರೌಂಡ್‌ಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದೊಂದು ಹಾಕಿ. ಮೇಲೆ 104 ಅಂತ ಬರೆದಿರುತ್ತದಲ್ಲ, ಅದೇ. ಸಾಮಾನ್ಯವಾಗಿ ಸಿಗುವ ಎನ್‌ಕೋಡರ್‌ಗಳಲ್ಲಿ ಕೈಗೆ ಒಂದು 'ಕಟ್' ಅನ್ನಿಸಿದರೆ ಒಳಗೆ ನಾಲ್ಕು ಬದಲಾವಣೆ ಆಗಿರುತ್ತದೆ. ಕೆಲವದರಲ್ಲಿ ಎರಡು. ಒಂದು ಕಟ್‌ಗೆ ಹೆಡಿಂಗ್ ನಾಲ್ಕು ಡಿಗ್ರಿ ಓಡಿದರೆ ಗಾಬರಿ ಬೇಡ, ನಾಲ್ಕರಿಂದ ಭಾಗಿಸಿ.

ಎರಡನೆಯ ತೊಂದರೆ ಸ್ಕ್ರಿಪ್ಟಿನದು, ಇದು ಸ್ವಲ್ಪ ಕಳ್ಳ. ನೀವು ಸಿಮ್ಯುಲೇಟರಿನಿಂದ ಹೆಡಿಂಗ್ ಓದುತ್ತೀರಿ, 270. ಒಂದು ಸೇರಿಸಿ 271 ಬರೆಯುತ್ತೀರಿ. ಅಷ್ಟರಲ್ಲಿ ನಾಬ್ ಇನ್ನೊಂದು ಕಟ್ ಅಂದಿದೆ. ಆದರೆ ಸಿಮ್ಯುಲೇಟರಿನ ಹೊಸ ಸುದ್ದಿ ಇನ್ನೂ ಬಂದಿಲ್ಲ, ನಿಮ್ಮ ಕೈಯಲ್ಲಿರುವುದು ಹಳೆಯ 270. ಅದಕ್ಕೆ ಒಂದು ಸೇರಿಸಿ ಮತ್ತೆ 271 ಬರೆಯುತ್ತೀರಿ. ಎರಡು ಹೆಜ್ಜೆ ಇಟ್ಟರೂ ಒಂದೇ ಹೆಜ್ಜೆ ಆಯಿತು. ಜೋರಾಗಿ ತಿರುಗಿಸಿದರೆ ಹಿಂದಕ್ಕೆ ಜಿಗಿದ ಹಾಗೆ ಕಾಣುವುದು ಇದರಿಂದಲೇ. ಹಳೇ ಪಾಸ್‌ಬುಕ್ ನೋಡಿಕೊಂಡು ಚೆಕ್ ಬರೆದ ಹಾಗೆ.

ಇದಕ್ಕೆ ಎರಡು ದಾರಿ. ಹೆಡಿಂಗ್ ಹೆಚ್ಚಿಸು, ಹೆಡಿಂಗ್ ಇಳಿಸು ಎಂಬ ಕಮಾಂಡ್‌ಗಳನ್ನು ಎಷ್ಟು ಕಟ್ ಆಯಿತೋ ಅಷ್ಟು ಸಲ ಕಳಿಸುವುದು ಒಂದು. ಆಗ ಈಗಿನ ಬೆಲೆ ಎಷ್ಟು ಅನ್ನುವ ಚಿಂತೆಯೇ ನಮಗಿಲ್ಲ, ಕೂಡುವುದು ಕಳೆಯುವುದು ಸಿಮ್ಯುಲೇಟರಿನ ಕೆಲಸ. ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಇನ್ನೊಂದು ದಾರಿ ಡೇಟಾರೆಫ್‌ಗೆ ನೇರ ಬರೆಯುವುದು, ಆದರೆ ನಾಬ್ ತಿರುಗುತ್ತಿರುವಾಗ ಸಿಮ್ಯುಲೇಟರಿನ ಸುದ್ದಿ ನಂಬದೆ ನಿಮ್ಮದೇ ಲೆಕ್ಕ ಇಟ್ಟುಕೊಳ್ಳುವುದು. ನಾಬ್ ನಿಂತು ಅರ್ಧ ಸೆಕೆಂಡ್ ಆದ ಮೇಲೆ ಮತ್ತೆ ಸಿಮ್ಯುಲೇಟರ್ ಹೇಳಿದ್ದನ್ನೇ ಒಪ್ಪಿಕೊಳ್ಳುವುದು. ಬೇಗ ತಿರುಗಿಸಿದರೆ ಹತ್ತತ್ತು ಡಿಗ್ರಿ ಓಡಬೇಕು ಅಂತಿದ್ದರೆ ಈ ಎರಡನೆಯದು ಬೇಕಾಗುತ್ತದೆ. ಆಗ 359ಕ್ಕೆ 3 ಸೇರಿಸಿದರೆ 362 ಅಲ್ಲ, 2 ಆಗಬೇಕು. 360ರಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ.

ಯಾವ ದಾರಿಯಾದರೂ ಯುನೊ ಕಳಿಸುವ ಸಾಲು ಮಾತ್ರ ಚಿಕ್ಕದಿರಲಿ. ನನ್ನದು ಹೀಗಿದೆ: ಲಿವರ್ ಅಲುಗಿದರೆ 'ಜಿ' ಅಕ್ಷರ, ಜೊತೆಗೆ 0 ಅಥವಾ 1. ನಾಬ್ ತಿರುಗಿದರೆ 'ಹೆಚ್', ಜೊತೆಗೆ ಕಳೆದ 20 ಮಿಲಿಸೆಕೆಂಡಿನಲ್ಲಿ ಎಷ್ಟು ಕಟ್, ಪ್ಲಸ್ಸೋ ಮೈನಸ್ಸೋ. ಏನೂ ಆಗದಿದ್ದರೆ ಏನೂ ಕಳಿಸುವುದಿಲ್ಲ. ವೇಗ 115200 ಬಾಡ್. ಆ ಕಡೆಯಿಂದ ಬರುವುದು 'ಎಲ್' ಮತ್ತು ಮೂರು ಅಂಕೆ, ಮೂರು ದೀಪಕ್ಕೆ. ಕಣ್ಣಿಗೆ ಓದಲು ಬರುವ ಅಕ್ಷರಗಳನ್ನೇ ಕಳಿಸಿ. ತೊಂದರೆ ಬಂದಾಗ ಸೀರಿಯಲ್ ಮಾನಿಟರ್ ತೆರೆದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆದರೆ ನೋಡಿ ಆದ ಮೇಲೆ ಅದನ್ನು ಮುಚ್ಚಿ. ಒಂದು ಪೋರ್ಟನ್ನು ಇಬ್ಬರು ಹಿಡಿಯಲು ಬಿಡುವುದಿಲ್ಲ. ಪೈಥಾನ್ 'ಆಕ್ಸೆಸ್ ಡಿನೈಡ್' ಅಂದರೆ ಹತ್ತರಲ್ಲಿ ಒಂಬತ್ತು ಸಲ ಹಿಂದೆ ಆ ಮಾನಿಟರ್ ತೆರೆದೇ ಇರುತ್ತದೆ.

ಪೋರ್ಟ್ ತೆರೆದ ಕೂಡಲೇ ಯುನೊ ರೀಸೆಟ್ ಆಗುತ್ತದೆ ಅನ್ನುವುದನ್ನೂ ಮರೆಯಬೇಡಿ. ಎದ್ದು ಕೂರಲು ಒಂದೆರಡು ಸೆಕೆಂಡ್ ಬೇಕು. ಆ ಹೊತ್ತಿನಲ್ಲಿ ಕಳಿಸಿದ್ದು ಗಾಳಿಗೆ ಹೋಗುತ್ತದೆ. ಯುನೊ ಎದ್ದ ಮೇಲೆ ತಾನೇ 'ಸಿದ್ಧ' ಅನ್ನುವ ಒಂದು ಅಕ್ಷರ ಕಳಿಸಲಿ, ಪೈಥಾನ್ ಅದನ್ನು ಕಂಡ ಮೇಲೆ ಮಾತು ಶುರು ಮಾಡಲಿ.

ಇಲ್ಲೇ ಎಡವುವ ಇನ್ನೊಂದು ಜಾಗ ಇದೆ. ನೀವು 10 ಮೈಲಿ ದೂರದಿಂದ ಅಪ್ರೋಚ್ ಶುರು ಮಾಡಿದಿರಿ, ಗೇರ್ ಮೇಲಿದೆ. ಆದರೆ ನಿನ್ನೆ ರಾತ್ರಿ ಬಿಟ್ಟು ಎದ್ದ ಪೆಟ್ಟಿಗೆಯಲ್ಲಿ ಲಿವರ್ ಕೆಳಗಿದೆ. ಯಾರ ಮಾತು ನಡೆಯಬೇಕು? ಮೊದಲ ಸೆಕೆಂಡಿನಲ್ಲೇ ಲಿವರಿನ ಸ್ಥಾನ ಕಳಿಸುವವರಿದ್ದಾರೆ. ನನಗೆ ಅದು ಸರಿಬರುವುದಿಲ್ಲ. ವಿಮಾನದ ಮಾತೇ ನಡೆಯಲಿ. ಲಿವರ್ ಅಲುಗುವ ತನಕ ಏನೂ ಕಳಿಸಬೇಡಿ. ಎರಡಕ್ಕೂ ತಾಳೆ ಇಲ್ಲದಿದ್ದರೆ ಮೂರೂ ದೀಪ ಮಿನುಗಿಸಿ, ಲಿವರ್ ಸರಿಪಡಿಸಿದ ಮೇಲೆ ನಿಲ್ಲಿಸಿ. ಹೊಸ ವಿಮಾನ ತೆರೆದಾಗಲೂ ಇದೇ ನಿಯಮ.

ಹಾಗಾದರೆ ಲುವಾ ಬೇಡವೇ ಬೇಡವಾ? ಹಾಗಲ್ಲ. ಸಿಮ್ಯುಲೇಟರಿನ ಒಳಗೇ ಮುಗಿಯುವ ಕೆಲಸಕ್ಕೆ ಫ್ಲೈವಿತ್‌ಲುವಾದಷ್ಟು ಸಲೀಸು ಇನ್ನೊಂದಿಲ್ಲ. ನಿಮ್ಮದೇ ಹೊಸ ಕಮಾಂಡ್ ಸೃಷ್ಟಿಸಬೇಕು, ಮೂರು ಸ್ವಿಚ್ ಒಟ್ಟಿಗೆ ಹಾಕಬೇಕು, ಇಂಥದ್ದಕ್ಕೆ ಅದೇ ಬೇಕು. ಪ್ರತಿ ಫ್ರೇಮಿಗೆ ಮಾಡು ಅನ್ನುವ ಕಡೆ ಎಲ್ಲವನ್ನೂ ತುರುಕಬೇಡಿ, ಸೆಕೆಂಡಿಗೊಮ್ಮೆ ಸಾಕಾಗುವುದನ್ನು ಡು ಆಫನ್‌ಗೆ ಹಾಕಿ. ಒಂದು ದಿನ ನಿಮ್ಮ ಸ್ಕ್ರಿಪ್ಟ್ ಫೋಲ್ಡರಿನಿಂದ ಮಾಯವಾದರೆ ಪಕ್ಕದ ಕ್ವಾರಂಟೈನ್ ಫೋಲ್ಡರ್ ನೋಡಿ. ತಪ್ಪಿರುವ ಸ್ಕ್ರಿಪ್ಟನ್ನು ಅದು ಅಲ್ಲಿಗೆ ಎತ್ತಿಹಾಕುತ್ತದೆ.

ಬೇರೆಯವರು ಮಾಡಿದ ವಿಮಾನಗಳಲ್ಲಿ ಇದೇ ಹೆಸರಿನ ಡೇಟಾರೆಫ್ ಕೆಲಸ ಮಾಡದೇ ಇರಬಹುದು. ಅವರು ತಮ್ಮದೇ ಹೆಸರು ಇಟ್ಟುಕೊಂಡಿರುತ್ತಾರೆ. ಡೇಟಾರೆಫ್‌ಟೂಲ್ ಎಂಬ ಪ್ಲಗ್‌ಇನ್ ಹಾಕಿ, ಮೌಸ್‌ನಿಂದ ಆ ನಾಬ್ ತಿರುಗಿಸಿ, ಪಟ್ಟಿಯಲ್ಲಿ ಯಾವುದು ಬದಲಾಗುತ್ತದೆ ಅಂತ ಹಿಡಿಯಿರಿ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಜಾಯ್‌ಸ್ಟಿಕ್ ಥರ ಕಾಣುವ ಬೋರ್ಡ್, ಅಂದರೆ ಪ್ರೊ ಮೈಕ್ರೊ ಅಥವಾ ಲಿಯೊನಾರ್ಡೊ, ಬರೀ ಬಟನ್ನುಗಳ ಪೆಟ್ಟಿಗೆಗೆ ತುಂಬಾ ಒಳ್ಳೆಯದು. ಸ್ಕ್ರಿಪ್ಟೇ ಬೇಡ, ಸಿಮ್ಯುಲೇಟರಿನ ಜಾಯ್‌ಸ್ಟಿಕ್ ಪುಟದಲ್ಲಿ ಬಟನ್ ಹಂಚಿದರೆ ಮುಗಿಯಿತು. ಆದರೆ ದೀಪ ಹೊತ್ತಿಸಲು ಸಿಮ್ಯುಲೇಟರಿನಿಂದ ಸುದ್ದಿ ವಾಪಸ್ ಬರಬೇಕಲ್ಲ. ಅದಕ್ಕೆ ಹೇಗೂ ಮಧ್ಯೆ ಒಂದು ಪ್ರೋಗ್ರಾಂ ಬೇಕು. ಕೋಡ್ ಬರೆಯುವುದೇ ಬೇಸರ ಅನ್ನಿಸಿದರೆ ಮೊಬಿಫ್ಲೈಟ್ ಇದೆ, ಉಚಿತ. ಮೌಸ್ ಕ್ಲಿಕ್ಕಿನಲ್ಲೇ ಪಿನ್ನುಗಳನ್ನು ಜೋಡಿಸಬಹುದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೂ ಅದು ನಡೆಯುತ್ತದೆ. ಅಲ್ಲಿ ಯುಡಿಪಿ ಬದಲು ಸಿಮ್‌ಕನೆಕ್ಟ್ ಇದೆ, ಹೆಸರು ಬೇರೆ, ಯೋಚನೆ ಇದೇ. ಫ್ಲೈಟ್‌ಗೇರ್ ಆದರೆ ಇನ್ನೂ ಸುಲಭ, ಒಂದು ಎಕ್ಸ್‌ಎಂಎಲ್ ಫೈಲ್ ಬರೆದುಕೊಟ್ಟರೆ ಅದು ತಾನೇ ಸೀರಿಯಲ್ ಪೋರ್ಟ್ ಜೊತೆ ಮಾತಾಡುತ್ತದೆ.

ತಂತಿಯ ಕೆಲಸದಲ್ಲಿ ಮೂರೇ ಮಾತು. ಪ್ರತಿ ಎಲ್‌ಇಡಿಗೂ 330 ಓಮ್ ರೆಸಿಸ್ಟರ್ ಹಾಕಿ, ಮೂರಕ್ಕೂ ಸೇರಿ ಒಂದೇ ಹಾಕುವ ಉಳಿತಾಯ ಬೇಡ. ಮತ್ತೆ, ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಅಗ್ಗದ ಯುನೊ ಕೊಂಡಿದ್ದರೆ ಅದರಲ್ಲಿ ಸಿಹೆಚ್340 ಚಿಪ್ ಇರುವ ಸಂಭವ ಹೆಚ್ಚು, ಅದರ ಡ್ರೈವರ್ ಹಾಕಬೇಕಾಗಬಹುದು. ಫೋನ್ ಚಾರ್ಜ್ ಮಾಡುವ ತಂತಿ ಬಳಸಬೇಡಿ. ಕೆಲವದರಲ್ಲಿ ಕರೆಂಟಿನ ಎಳೆ ಮಾತ್ರ ಇರುತ್ತದೆ, ಡೇಟಾ ಎಳೆಯೇ ಇರುವುದಿಲ್ಲ. ಬೋರ್ಡಿನ ದೀಪ ಹೊತ್ತುತ್ತದೆ, ಪೋರ್ಟ್ ಮಾತ್ರ ಕಾಣುವುದಿಲ್ಲ. ಅದರಲ್ಲಿ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.

ಎಲ್ಲ ಆದ ಮೇಲೆ ಹಾರುತ್ತಿರುವಾಗಲೇ ಬೇಕಂತಲೇ ಯುಎಸ್‌ಬಿ ತಂತಿ ಕಿತ್ತು ನೋಡಿ. ಫ್ರೇಮ್ ಒಂದೂ ಇಳಿಯಬಾರದು. ಮತ್ತೆ ಚುಚ್ಚಿದಾಗ ಪೈಥಾನ್ ತಾನೇ ಪೋರ್ಟ್ ತೆರೆದು, 'ಸಿದ್ಧ' ಅನ್ನುವ ಅಕ್ಷರಕ್ಕೆ ಕಾದು, ದೀಪಗಳನ್ನು ಈಗಿನ ಸ್ಥಿತಿಗೆ ತರಬೇಕು. ಬೇರೆ ಯುಎಸ್‌ಬಿ ತೂತಿಗೆ ಚುಚ್ಚಿದರೆ ಕಾಮ್ 3 ಇದ್ದದ್ದು ಕಾಮ್ 5 ಆಗಿರಬಹುದು. ಹಾಗಾಗಿ ಪೋರ್ಟಿನ ಸಂಖ್ಯೆಯನ್ನು ಕೋಡಿನಲ್ಲಿ ಬರೆದಿಡುವ ಬದಲು ಬೋರ್ಡಿನ ಯುಎಸ್‌ಬಿ ಗುರುತಿನ ಸಂಖ್ಯೆ ನೋಡಿ ಹುಡುಕಿಸಿ. ಪೈಸೀರಿಯಲ್‌ನಲ್ಲಿ ಪೋರ್ಟ್‌ಗಳ ಪಟ್ಟಿ ಕೊಡುವ ಸೌಲಭ್ಯ ಇದೆ, ಅದರಲ್ಲೇ ಆ ಸಂಖ್ಯೆಯೂ ಸಿಗುತ್ತದೆ.